ಮುಡಿಪಿನ ಲೆಕ್ಕ

ಅಕ್ಕಿ ಡಬ್ಬಿಯ ತಳದಲ್ಲಿರುತ್ತಿತ್ತು
ಅರಿಶಿನದಲ್ಲಿ ಅದ್ದಿದ ಅಂಗೈಯಗಲದ ಬಟ್ಟೆ,
ಅಪ್ಪನ ಹಳೇ ಪಂಚೆಯ ತುದಿ ಹರಿದು
ಅಮ್ಮ ಹಾಕಿದ ಗಂಟು.
ಒಳಗೆ ತಿರುಪತಿ ತಿಮ್ಮಪ್ಪನ ದುಡ್ಡು.

ಕಬ್ಬನ್‌ಪೇಟೆ. ಗೋಡೆಯಾಚೆ ಮಗ್ಗ.
ರಾತ್ರಿಯಿಡೀ ಖಟಕ್ ಖಟಕ್,
ಕರೆಂಟು ಹೋದರೆ ಮಾತ್ರ ನಮಗೆ ಎಚ್ಚರ.
ಅಪ್ಪನ ಹೆಸರು ವೆಂಕಟರೋಣಪ್ಪ.
ಹಾಗಾಗಿ ಅಮ್ಮ ದೇವರ ಹೆಸರನ್ನೂ ಬಾಯಿಬಿಟ್ಟು ಹೇಳುವಂತಿಲ್ಲ;
ಇಬ್ಬರೂ ಅವಳಿಗೆ 'ಅವರು'.
'ಅವರ ದುಡ್ಡು, ಮುಟ್ಟಬೇಡ' ಅಂದರೆ
ಯಾರ ದುಡ್ಡೆಂದು ನಾವೇ ತಿಳಿದುಕೊಳ್ಳಬೇಕು.

ಮುಟ್ಟುತ್ತಿದ್ದವಳು ಅವಳೇ.
ಶಶಿರೇಖಕ್ಕನಿಗೆ ಜ್ವರ ನೆತ್ತಿಗೇರಿದ ರಾತ್ರಿ ಆಟೋಗೆ ಹದಿನೆಂಟು,
ಸೀಮೆಎಣ್ಣೆಗೆ ಏಳು,
ನನ್ನ ಪರೀಕ್ಷೆ ಫೀಸಿಗೆ ಮೂವತ್ತು.
ಕೈಕಾಲು ತೊಳೆದು, ದೀಪ ಹಚ್ಚಿ, ಆಮೇಲೆ ಗಂಟು ಬಿಚ್ಚಿ
ಕ್ಯಾಲೆಂಡರಿನಲ್ಲಿ ರಾಹುಕಾಲದ ಪಕ್ಕ ಪೆನ್ಸಿಲಿನಲ್ಲಿ ಬರೆಯುವಳು:
ಅವರ ಹತ್ರ ಕೈಗಡ, ೧೮.
ಬಡ್ಡಿ ಸಮೇತ ಮತ್ತೆ ಕಟ್ಟುವಳು,
ನೂರಕ್ಕೆ ಎರಡು, ಸೇಟು ಹಾಕುವುದಕ್ಕಿಂತ ಒಂದು ಕಮ್ಮಿ.
'ಅವರೂ ಮದುವೆಗೆ ಸಾಲ ಮಾಡಿದೋರಲ್ವಾ?
ಕುಬೇರನಿಗೆ ಇನ್ನೂ ತೀರಿಸ್ತಾನೇ ಇದಾರೆ.
ಸಾಲದವರ ಕಷ್ಟ ಸಾಲದವರಿಗೇ ಗೊತ್ತು.'

ಶ್ರಾವಣದ ಶನಿವಾರ ನನ್ನ ಹಣೆಗೆ ಮೂರು ನಾಮ,
ಕೈಗೆ ತಾಮ್ರದ ಚೊಂಬು.
ಗೋವಿಂದಾ ಗೋವಿಂದ, ಐದು ಮನೆ ಬೇಡಬೇಕು.
ನಾಲ್ಕು ಸುಲಭ. ಐದನೆಯದು
ಅಪ್ಪ ಕೂಲಿಗೆ ನೇಯುವ ಮಗ್ಗದ ಯಜಮಾನರದು;
ಅವರ ಮಗ ನನ್ನ ಬೆಂಚಿನವನೇ.
ಅವನ ಅಜ್ಜಿ ಒಂದು ಸೇರು ಅಕ್ಕಿ ಸುರಿದು
ನಾನು ಹಿಂದೆ ಸರಿಯುವಷ್ಟರಲ್ಲಿ
ನನ್ನ ಕೆಸರುಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.
ಅವನು ಬಾಗಿಲ ಸಂದಿಯಿಂದ ನೋಡುತ್ತಿದ್ದ.
ಸೋಮವಾರ ಇಬ್ಬರೂ ಆ ಮಾತೆತ್ತಲಿಲ್ಲ.

ಆ ಅಕ್ಕಿಯದೇ ತಂಬಿಟ್ಟು, ನಡುವೆ ಗುಳಿ ತೋಡಿ ತುಪ್ಪದ ಬತ್ತಿ.
ಉರಿದು ಆರಿದ ಮೇಲೆ
ಕಮಟು ವಾಸನೆಯ ಆ ಗುಳಿಗೇ ನಮ್ಮ ಜಗಳ.

ಹೋದದ್ದು ಒಂದೇ ಸಲ. ಆರು ವರ್ಷದ ಗಂಟು,
ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು,
ಚಿತ್ರಾನ್ನದ ಡಬ್ಬಿ ಅಕ್ಕನ ತೊಡೆಯ ಮೇಲೆ.
ಮುಳಬಾಗಿಲು ದಾಟುವಾಗ ಅಮ್ಮ ನನ್ನನ್ನೆಬ್ಬಿಸಿ ಕೇಳಿದಳು:
'ಲೆಕ್ಕ ಸರಿಯಾಗಿ ಕೂಡಿದೀಯಾ?'
ಕೂಡಿದ್ದೆ. ಒಂಬತ್ತು ರೂಪಾಯಿ ಕಮ್ಮಿ.
ಹ್ಞೂಂ ಅಂದೆ.

ಸಾಲಿನಲ್ಲಿ ಹದಿನಾಲ್ಕು ಗಂಟೆ. ದರ್ಶನ ಅಂದರೆ ಒಂದು ತಳ್ಳು.
ನನಗೆ ಕಂಡದ್ದು ಮುಂದಿನವರ ಬೋಳುತಲೆ,
ಅದರ ಮೇಲೆ ಒಣಗಿ ಬಿರಿದ ಗಂಧ.
ಹುಂಡಿಯಲ್ಲಿ ಗಂಟು ಬಿದ್ದ ಸದ್ದೂ ಕೇಳಲಿಲ್ಲ.
ಅಪ್ಪ ಒಂದು ಹೆಜ್ಜೆ ಹಿಂದೆ ಉಳಿದು
ಜೇಬಿನಿಂದ ಹತ್ತರ ನೋಟು ತೆಗೆದು ತುರುಕಿದ.
'ಒಂದು ರೂಪಾಯಿ ಬಡ್ಡಿ' ಅಂದ, ನನಗೊಬ್ಬನಿಗೇ ಕೇಳುವ ಹಾಗೆ.

ಎರಡು ಲಾಡು, ವಠಾರದಲ್ಲಿ ಹದಿನೇಳು ಮನೆ.
ಕದಿರಮ್ಮ ಬಂದಳೆಂದು ಎಲ್ಲರೂ ಬಾಗಿಲಿಗೆ ಬಂದರು.
ಬಾಣಂತಿಗೆ ದ್ರಾಕ್ಷಿ ಇರುವ ಚೂರು,
ನಲ್ಲಿ ನೀರಿಗೆ ಜಗಳವಾಡಿ ಮಾತುಬಿಟ್ಟವಳಿಗೆ ಇಡೀ ಗೋಡಂಬಿ.
ನಮಗೆ ಕಾಗದಕ್ಕಂಟಿದ ಪುಡಿ,
ಮೂರು ದಿನ ಬೆರಳಲ್ಲಿ ಪಚ್ಚಕರ್ಪೂರ.

ಈಗ ಕೆಂಗೇರಿಯ ಕಡೆ, ನಾಲ್ಕನೇ ಮಹಡಿ.
ಮೊನ್ನೆ ಮಗಳಿಗೆ ಜ್ವರ, ನೂರ ಮೂರು.
ಔಷಧಿ ಕುಡಿಸಿಯಾಗಿತ್ತು. ಬೆಳಗಾಗುತ್ತಿರಲಿಲ್ಲ.
ಅರಿಶಿನ ಸಿಕ್ಕಿತು. ಬಟ್ಟೆಯೂ ಸಿಕ್ಕಿತು.
ಮನೆ ಜಾಲಾಡಿದರೂ ಒಂದು ನಾಣ್ಯವಿಲ್ಲ;
ಹಾಲು, ಹೂವು, ಸೊಪ್ಪು, ಎಲ್ಲಕ್ಕೂ ಫೋನು.

ಕೆಳಗಿಳಿದೆ. ಗೇಟಿನ ಸಿದ್ದಲಿಂಗಪ್ಪ ಮಫ್ಲರಿನೊಳಗೆ ಎಚ್ಚರವಿದ್ದ.
'ಒಂದು ರೂಪಾಯಿ ಚಿಲ್ಲರೆ ಇದೆಯಾ?'
ಯಾಕೆ ಅನ್ನಲಿಲ್ಲ. ನನ್ನ ಬೆರಳ ಹಳದಿ ನೋಡಿದ.
ಜೇಬು ತಡಕಿ ಎರಡು ಕೊಟ್ಟ.
'ಇನ್ನೊಂದು ನಂದೂ ಕಟ್ಬಿಡಿ ಸಾರ್.'

ಗೋಡೆಗೆ ಕ್ಯಾಲೆಂಡರಿಲ್ಲ.
ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ
ಮಗಳ ಪೆನ್ಸಿಲಿನಲ್ಲಿ ಬರೆದೆ:
ಸಿದ್ದಲಿಂಗಪ್ಪನ ಹತ್ರ ಕೈಗಡ, ೧.
ಇನ್ನೊಂದು ಯಾತರ ಹರಕೆಯೋ,
ನಾನೂ ಕೇಳಲಿಲ್ಲ.